ಹವಾಯಿಯನ್ ಗಿಟಾರಿನ ತಂತಿ: ಮೊದಲು ಸ್ವರ, ಆಮೇಲೆ ಗೇಜ್

ಪ್ರಶ್ನೆ: ನಮ್ಮ ತಂದೆ ನುಡಿಸುತ್ತಿದ್ದ ಆರು ತಂತಿಯ ಎಲೆಕ್ಟ್ರಿಕ್ ಹವಾಯಿಯನ್ ಗಿಟಾರ್ ಬಹಳ ವರ್ಷ ಅಟ್ಟದ ಮೇಲಿತ್ತು. ನಿವೃತ್ತನಾದ ಮೇಲೆ ಕೆಳಗಿಳಿಸಿದ್ದೇನೆ. ಬಿರಡೆ ಬದಿಯಲ್ಲಿ ತಂತಿ ಕೂರುವ ಪಟ್ಟಿಯಿಂದ, ಅಂದರೆ ನಟ್‌ನಿಂದ, ಕುದುರೆಯವರೆಗೆ ಅಳೆದರೆ 57 ಸೆಂ.ಮೀ. ಇದೆ. ಮೊದಲು 9 ಗೇಜಿನಿಂದ (ಗೇಜ್ ಎಂದರೆ ತಂತಿಯ ದಪ್ಪ) ಆರಂಭವಾಗುವ ಎಲೆಕ್ಟ್ರಿಕ್ ಗಿಟಾರ್ ಸೆಟ್ ಹಾಕಿದೆ. ತಂತಿಯ ಮೇಲೆ ಜಾರಿಸುವ ಉಕ್ಕಿನ ಬಾರ್ ಇಟ್ಟರೆ ತಂತಿ ಕುಸಿದು ಗರಗರ ಎನ್ನುತ್ತಿತ್ತು. ದಪ್ಪ ತಂತಿ ಹಾಕಿ ಎಂದರು. 13ರ ಅಕೌಸ್ಟಿಕ್ ಸೆಟ್ ತಂದು ಇ ಮೇಜರ್‌ಗೆ (ತೆರೆದ ತಂತಿಗಳೇ ಆ ಸ್ವರಮೇಳ ಕೊಡುವಂತೆ) ಶ್ರುತಿ ಮಾಡಿದೆ. ಮೂರನೆಯ ತಂತಿ ಎರಡು ಸಲ ತುಂಡಾಯಿತು. ಕೆಳಗಿನ ತಂತಿಗಳ ಸದ್ದು ಆಂಪ್ಲಿಫೈಯರ್‌ನಲ್ಲಿ ಸರಿಯಾಗಿ ಕೇಳಿಸುವುದೇ ಇಲ್ಲ. ಶ್ರುತಿ ಏರಿಸಿದ್ದೇ ತಪ್ಪು, ತಂತಿಯ ಕಂಪನವನ್ನು ಆಂಪ್ಲಿಫೈಯರ್‌ಗೆ ಮುಟ್ಟಿಸುವ ಪಿಕಪ್ ಕೂಡ ಹೋಗಿದೆ ಎಂದು ಅಂಗಡಿಯವರು ಹೇಳುತ್ತಾರೆ. ಸಿ6 ಟ್ಯೂನಿಂಗ್ ಇಡದಿದ್ದರೆ ಅದು ಹವಾಯಿಯನ್ ಗಿಟಾರೇ ಅಲ್ಲ ಎಂದು ಗೆಳೆಯರು ಹೇಳುತ್ತಾರೆ. ನನಗೆ ಬೇಕಿರುವುದು ಭಾವಗೀತೆ, ಹಳೆಯ ಚಿತ್ರಗೀತೆ, ತಂಬೂರಿಯ ಜೊತೆ ಒಂದಿಷ್ಟು ರಾಗ. ನನ್ನ ಶ್ರುತಿ ಕಾಳಿ ಒಂದು. ಯಾವ ತಂತಿ ಹಾಕಲಿ, ಹೇಗೆ ಶ್ರುತಿ ಮಾಡಲಿ?
– ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿ ಅತ್ಯಂತ ಉಪಯುಕ್ತವಾದ ಮಾಹಿತಿ 57 ಸೆಂ.ಮೀ. ಎಂಬ ಅಳತೆ. ತಂತಿ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ವಾದ್ಯದ ಬಣ್ಣ ಹೇಳುತ್ತಾರೆ, ಉದ್ದ ಹೇಳುವುದಿಲ್ಲ. ಆ ಒಂದು ಅಂಕಿಯಿಂದಲೇ ನಿಮ್ಮ ಮೂರನೆಯ ತಂತಿ ತುಂಡಾದದ್ದು ಶ್ರುತಿ ಏರಿಸಿದ್ದರಿಂದ ಅಲ್ಲ ಎಂದು ಇಲ್ಲಿ ಕುಳಿತೇ ಹೇಳಬಹುದು.

ಲೆಕ್ಕ ಹೀಗಿದೆ. ನೀವು ತಂದ 13ರ ಸೆಟ್ ತಯಾರಾಗಿರುವುದು ಸುಮಾರು 65 ಸೆಂ.ಮೀ. ತಂತಿಯುದ್ದದ ಸಾಮಾನ್ಯ ಗಿಟಾರಿಗೆ. ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ತರಲು ಬೇಕಾಗುವ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 65ರಿಂದ 57ಕ್ಕೆ ಬಂದಾಗ ಎಲ್ಲ ತಂತಿಗಳೂ ಶೇ. 23ರಷ್ಟು ಸಡಿಲವಾಗುತ್ತವೆ. ಇ ಮೇಜರ್‌ನಲ್ಲಿ ಮೂರನೆಯ ತಂತಿಯನ್ನು ಜಿಯಿಂದ ಜಿ ಶಾರ್ಪ್‌ಗೆ, ಅಂದರೆ ಅರ್ಧ ಸ್ವರ ಏರಿಸುತ್ತೀರಿ. ಅದರಿಂದ ಬಿಗಿತ ಶೇ. 12ರಷ್ಟು ಹೆಚ್ಚುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ (0.77 × 1.12) ಆ ತಂತಿ ತಯಾರಕರು ಉದ್ದೇಶಿಸಿದ ಬಿಗಿತದ ಶೇ. 86ರಲ್ಲಿ ಮಾತ್ರ ಇತ್ತು. ಅಷ್ಟಕ್ಕೆ ತುಂಡಾಗುವ ಹೊಸ ತಂತಿಯನ್ನು ನಾನು ಕಂಡಿಲ್ಲ.

ಹಾಗಾದರೆ ತುಂಡಾದದ್ದೇಕೆ? ಎಲ್ಲಿ ತುಂಡಾಯಿತು ಎಂದು ನೋಡಿ. ನೀವು ಬರೆಯದೆ ಬಿಟ್ಟ ಒಂದೇ ಸಂಗತಿ ಅದು. ಎರಡು ಸಲವೂ ಒಂದೇ ಜಾಗದಲ್ಲಿ ತುಂಡಾಗಿದ್ದರೆ ದೋಷ ಆ ಜಾಗದ್ದು. ಕುದುರೆಯ ಮೇಲಾದರೆ ಅಲ್ಲಿ ಲೋಹದ ಅಂಚು ಚೂಪಾಗಿದೆ. ಬಿರಡೆಯ ಬಳಿಯಾದರೆ ತೂತಿನ ಬಾಯಲ್ಲಿ ಮುಳ್ಳು ಎದ್ದಿದೆ, ಇಲ್ಲವೇ ಸುತ್ತುವಾಗ ತಂತಿ ಮುರಿದಂತೆ ಮಡಿಚಿಕೊಂಡಿದೆ. ನಟ್‌ನಲ್ಲಿ ಆದರೆ, ನನ್ನ ಅನುಮಾನ ಹೆಚ್ಚಾಗಿ ಇದರ ಮೇಲೆಯೇ, ಹಳೆಯ ತೆಳು ತಂತಿಗೆ ಕೊರೆದಿದ್ದ ಗೀರಿನಲ್ಲಿ 26 ಗೇಜಿನ ಸುತ್ತಿದ ತಂತಿ ಸಿಕ್ಕಿಕೊಂಡಿದೆ. ಬಿರಡೆ ತಿರುಗಿಸುವಾಗ ಸ್ವರ ಏರದೆ ನಿಂತು, ಆಮೇಲೆ ‘ಟಿಕ್’ ಎಂದು ಒಮ್ಮೆಲೇ ನೆಗೆಯುತ್ತಿತ್ತೇ? ಹಾಗಿದ್ದರೆ ಅದೇ ಕಾರಣ. ಸುತ್ತಿದ ತಂತಿಯಲ್ಲಿ ಭಾರ ಹೊರುವುದು ಒಳಗಿನ ಎಳೆ ಮಾತ್ರ. ಹೊರಗಿನ ಸುತ್ತು ತೂಕಕ್ಕಷ್ಟೇ. ಸುತ್ತಿದ ತಂತಿಗಳಲ್ಲಿ ಅತಿ ತೆಳುವಾದ ಎಳೆ ಇರುವುದು ಈ ಮೂರನೆಯದರಲ್ಲಿ. ಆದ್ದರಿಂದ ಅಂಚು ಕೊಯ್ದಾಗ ಮೊದಲು ಬಲಿಯಾಗುವುದೂ ಅದೇ. ತಂತಿಯ ದಪ್ಪಕ್ಕೆ ಹೊಂದುವ ಸಣ್ಣ ಅರದಿಂದ ಗೀರು ಅಗಲಿಸಿ, ನುಣುಪು ಕಾಗದದಿಂದ ಉಜ್ಜಿ, ಪೆನ್ಸಿಲ್ಲಿನ ಸೀಸದ ಪುಡಿ ಸವರಿದರೆ ಕೆಲಸ ಮುಗಿಯಿತು.

‘ದಪ್ಪ ತಂತಿ ತುಂಡಾಗುವುದಿಲ್ಲ’ ಎಂಬ ನಂಬಿಕೆಯೂ, ‘ಎತ್ತರದ ಸ್ವರಕ್ಕೆ ತೆಳು ತಂತಿಯೇ ತಾಳುತ್ತದೆ’ ಎಂಬ ನಂಬಿಕೆಯೂ ಅಂಗಡಿಗಳಲ್ಲಿ ಒಟ್ಟಿಗೇ ಬದುಕಿವೆ. ಒಂದು ಇನ್ನೊಂದನ್ನು ಅಲ್ಲಗಳೆಯುತ್ತದೆ ಎಂಬುದು ಯಾರನ್ನೂ ಕಾಡಿದಂತಿಲ್ಲ. ಸುತ್ತಿಲ್ಲದ ಉಕ್ಕಿನ ತಂತಿಯ ಮಟ್ಟಿಗೆ ಎರಡೂ ಸುಳ್ಳು. ತಂತಿ ದಪ್ಪವಾದಷ್ಟೂ ಅದೇ ಸ್ವರಕ್ಕೆ ಹೆಚ್ಚು ಬಲದಿಂದ ಬಿಗಿಯಬೇಕು. ದಪ್ಪವಾದಷ್ಟೂ ತಾಳುವ ಬಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡೂ ವಜಾ ಆಗಿ ಉಳಿಯುವುದು ಉದ್ದ ಮತ್ತು ಸ್ವರ ಮಾತ್ರ. (ತೀರಾ ತೆಳುವಾಗಿ ಎಳೆದ ತಂತಿಗೆ ಸ್ವಲ್ಪ ಹೆಚ್ಚು ಗಟ್ಟಿತನ ಇರುತ್ತದೆ, ಆ ಲಾಭ ಸಣ್ಣದು.) 57 ಸೆಂ.ಮೀ. ಉದ್ದದಲ್ಲಿ ಒಳ್ಳೆಯ ಉಕ್ಕಿನ ತಂತಿ ಕೈಕೊಡುವುದು ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿ. ನಿಮ್ಮ ಮೊದಲ ತಂತಿಯ ಇ ಸ್ವರ 330 ಹರ್ಟ್ಸ್. ಬಿಗಿತ ಸ್ವರದ ಹರ್ಟ್ಸ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ತಂತಿ ತಾಳುವ ಬಲದ ಅರ್ಧವನ್ನೂ ಅದು ಮುಟ್ಟಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್. ಅಲ್ಲಿ 61 ಸೆಂ.ಮೀ. ಉದ್ದದ ಮೇಲೆ ಮೂರನೆಯ ತಂತಿಯನ್ನು 415 ಹರ್ಟ್ಸ್‌ನ ಜಿ ಶಾರ್ಪ್‌ಗೆ ಎಳೆದು, ಮೇಲಿಂದ ಪೆಡಲ್ ಒತ್ತಿ ಇನ್ನೂ ಏರಿಸುತ್ತಾರೆ. ಆ ತಂತಿ ತುಂಡಾಗುವುದಕ್ಕೇ ಹೆಸರುವಾಸಿ, ವಾದಕರು ಅದನ್ನು ಮಾತ್ರ ಬಿಡಿಯಾಗಿ ಕೊಂಡಿಟ್ಟುಕೊಳ್ಳುತ್ತಾರೆ.

ಇದೇ ಲೆಕ್ಕದ ಇನ್ನೊಂದು ಮುಖ ನಿಮಗೆ ಮುಂದೆ ಬೇಕಾಗಬಹುದು. ಸಿತಾರಿನಂತೆ ನಡುನಡುವೆ ಲಯಕ್ಕೆ ಮೀಟುವ ಚಿಕಾರಿ ತಂತಿ ಬೇಕೆಂದು ಕೆಲವರು ಒಂದು ತಂತಿಯನ್ನು ಮೇಲಿನ ಷಡ್ಜಕ್ಕೆ ಎಳೆಯಲು ಹೋಗುತ್ತಾರೆ. ಕಾಳಿ ಒಂದರಲ್ಲಿ ಅದು 554 ಹರ್ಟ್ಸ್. ನಿಮ್ಮ ವಾದ್ಯದ ಪೂರ್ತಿ ಉದ್ದದಲ್ಲಿ ಯಾವ ಗೇಜಿನ ಉಕ್ಕಿನ ತಂತಿಯೂ ಅಲ್ಲಿಗೆ ತಲುಪುವುದಿಲ್ಲ. ಸಿತಾರಿನಲ್ಲಿ ಚಿಕಾರಿಯ ಬಿರಡೆಗಳು, ವೀಣೆಯಲ್ಲಿ ತಾಳದ ತಂತಿಯ ಬಿರಡೆಗಳು ದಂಡಿಯ ನಡುವೆ ಪಕ್ಕದಲ್ಲಿ ಇರುವುದು ಅಲಂಕಾರಕ್ಕಲ್ಲ. ತಂತಿಯನ್ನು ಗಿಡ್ಡ ಮಾಡಲು.

ಇನ್ನು ಬಾರ್ ಗರಗರ ಎನ್ನುವ ವಿಷಯ. 9 ಗೇಜಿನ ತಂತಿ ನಿಮ್ಮ ವಾದ್ಯದಲ್ಲಿ ಇ ಸ್ವರಕ್ಕೆ ಬಂದಾಗ ಅದರ ಬಿಗಿತ 5 ಕಿಲೋಗಿಂತ ಕಡಿಮೆ. ಬೆರಳಿನಿಂದ ಒತ್ತುವ ಗಿಟಾರಿಗೆ ಅದು ಹಿತ. ಉಕ್ಕಿನ ಬಾರ್ ಅದರ ಮೇಲೆ ಕೂತರೆ ತಂತಿ ಬಗ್ಗುತ್ತದೆ, ಬಗ್ಗಿದಷ್ಟೂ ಸ್ವರ ಏರುತ್ತದೆ, ಬಾರ್ ಗಟ್ಟಿಯಾಗಿ ನಿಲ್ಲದೆ ನಡುಗುತ್ತದೆ. ಬಾರ್ ಕೆಳಗೆ ಒಂದೊಂದು ತಂತಿಗೂ 10ರಿಂದ 12 ಕಿಲೋ ಬಿಗಿತ ಇರುವುದು ನನ್ನ ಅನುಭವದಲ್ಲಿ ಹದ. 14 ದಾಟಿದರೆ ತಂತಿ ಗಟ್ಟಿಯಾಗಿ ಮೀಂಡಿನಲ್ಲಿ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವಾಗ, ಜೀವ ಕಡಿಮೆಯಾಗುತ್ತದೆ. 8ರ ಕೆಳಗೆ ಇಳಿದರೆ ಬಾರ್ ಹಿಡಿತಕ್ಕೆ ಸಿಗುವುದಿಲ್ಲ.

ಆದರೆ ಸರಾಸರಿಗಿಂತ ಮುಖ್ಯವಾದದ್ದು ಆರು ತಂತಿಗಳ ಬಿಗಿತ ಒಂದಕ್ಕೊಂದು ಹತ್ತಿರ ಇರುವುದು. ನಿಮ್ಮ 13ರ ಸೆಟ್ ಸೋತದ್ದು ಇಲ್ಲಿ. ಇ ಮೇಜರ್‌ನಲ್ಲಿ ಒಂದು, ಎರಡು, ಆರನೆಯ ತಂತಿಗಳು ತಮ್ಮ ಮೂಲ ಸ್ವರದಲ್ಲೇ ಉಳಿಯುತ್ತವೆ. ಗಿಡ್ಡ ವಾದ್ಯದಲ್ಲಿ ಅವು 10 ಕಿಲೋ ಆಸುಪಾಸಿಗೆ ಇಳಿದಿವೆ. ನಾಲ್ಕು ಮತ್ತು ಐದನೆಯ ತಂತಿಗಳನ್ನು ಪೂರ್ತಿ ಒಂದು ಸ್ವರ ಏರಿಸಿದ್ದೀರಿ. ಒಂದು ಸ್ವರ ಏರಿಕೆ ಎಂದರೆ ಬಿಗಿತ ಶೇ. 26ರಷ್ಟು ಹೆಚ್ಚು. ಹಾಗಾಗಿ ನಡುವಿನ ತಂತಿಗಳು ಹೆಚ್ಚುಕಡಿಮೆ 14ರಿಂದ 16 ಕಿಲೋ ಎಳೆಯುತ್ತಿವೆ. ಬಾರ್ ನಡುವಿನ ಗಟ್ಟಿ ತಂತಿಗಳ ಮೇಲೆ ನಿಂತು, ಅಂಚಿನ ಸಡಿಲ ತಂತಿಗಳನ್ನು ಅರೆಬರೆ ಮುಟ್ಟುತ್ತದೆ. ಕೈ ನೇರವಾಗಿದ್ದರೂ ಸ್ವರ ಹೊಂದದೆ ಇರುವುದು ಇದರಿಂದ. ಅಭ್ಯಾಸ ಸಾಲದು ಎಂದು ಇದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಕೆಳಗಿನ ತಂತಿಗಳು ಕೇಳಿಸದಿರುವುದಕ್ಕೆ ಉತ್ತರ ಇನ್ನೂ ಸರಳ. ಅಕೌಸ್ಟಿಕ್ ಸೆಟ್ಟಿನ ಸುತ್ತು ಕಂಚಿನದು. ಪಿಕಪ್ ಒಳಗಿರುವುದು ಅಯಸ್ಕಾಂತ. ಕಂಚು ಅದಕ್ಕೆ ಇಲ್ಲದ ಹಾಗೆಯೇ. ಆ ತಂತಿಗಳಲ್ಲಿ ಅದು ಒಳಗಿನ ಉಕ್ಕಿನ ಎಳೆಯನ್ನಷ್ಟೇ ಗ್ರಹಿಸುತ್ತದೆ. ಸುತ್ತಿಲ್ಲದ ಮೊದಲ ಎರಡು ತಂತಿಗಳು ಕಿರುಚಿ, ಉಳಿದವು ಪಿಸುಗುಟ್ಟುವುದು ಆ ಸೆಟ್ಟಿನ ಸಹಜ ಗುಣ. ಎಲೆಕ್ಟ್ರಿಕ್ ವಾದ್ಯಕ್ಕೆ ನಿಕ್ಕಲ್ ಸುತ್ತಿನ ತಂತಿಯೇ ಬೇಕು.

ಈಗ ಟ್ಯೂನಿಂಗ್. ಗೆಳೆಯರು ಹೇಳುವ ‘ಅಸಲಿ’ ಸಿ6 ಅಷ್ಟೇನೂ ಪುರಾತನವಲ್ಲ. ಈ ವಾದನಶೈಲಿಯ ಜನಕ ಎಂದು ಹೆಸರಾದ ಜೋಸೆಫ್ ಕೆಕುಕು 1880ರ ದಶಕದಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಬೆಳೆದ ಹುಡುಗ. ಆ ಆರಂಭದ ಕಾಲದವರು ನೆಚ್ಚಿದ್ದು ತೆರೆದ ತಂತಿಗಳಲ್ಲೇ ಮೇಜರ್ ಸ್ವರಮೇಳ ಕೇಳಿಸುವ ಶ್ರುತಿಗಳನ್ನು, ಮುಖ್ಯವಾಗಿ ಎ ಮೇಜರನ್ನು. ಹವಾಯಿಯ ವಾದಕ ಸೋಲ್ ಹೋಓಪಿಇ ಸಿ ಶಾರ್ಪ್ ಮೈನರ್ ಕಡೆಗೆ ಹೋದರು. ಸಿ6 ಜನಪ್ರಿಯವಾದದ್ದು ಆಮೇಲೆ, ಬಹುಮಟ್ಟಿಗೆ ಅಮೆರಿಕದ ವಾದಕ ಜೆರ್ರಿ ಬರ್ಡ್ ಅವರ ವಾದನದಿಂದ. ಒಬ್ಬೊಬ್ಬ ದೊಡ್ಡ ವಾದಕರೂ ತಮಗೆ ಬೇಕಾದ ಸಂಗೀತಕ್ಕೆ ತಕ್ಕಂತೆ ತಂತಿ ಬದಲಿಸಿಕೊಂಡರು, ನೀವೂ ಬದಲಿಸಿಕೊಳ್ಳಬಹುದು. ನಿಮ್ಮ 57 ಸೆಂ.ಮೀ. ಮಾತ್ರ ನಿಜವಾಗಿಯೂ ಹಳೆಯ ಬಳುವಳಿ. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕೆನ್‌ಬಾಕರ್‌ನ ‘ಫ್ರೈಯಿಂಗ್ ಪ್ಯಾನ್’ ಎಂಬ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್‌ಗೂ (ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರ್) ಇದೇ ಇಪ್ಪತ್ತೆರಡೂವರೆ ಇಂಚು ಉದ್ದ ಇತ್ತು.

ಸಿ6ನಲ್ಲಿ ಇರುವುದು ಸಿ, ಇ, ಜಿ, ಎ. ನಮ್ಮ ಲೆಕ್ಕದಲ್ಲಿ ಸ, ಗ, ಪ, ಧ. ಬಾರ್ ಒಂದೇ ಕಡೆ ಇಟ್ಟು ಮೇಜರ್ ಮತ್ತು ಮೈನರ್ ಸ್ವರಮೇಳ ಎರಡನ್ನೂ ಪಡೆಯಬಹುದು. ಹಳೆಯ ಚಿತ್ರಗೀತೆಗಳನ್ನು ಸ್ವರಮೇಳ ಸಮೇತ ನುಡಿಸುವವರಿಗೆ ಇದು ಬಹಳ ಅನುಕೂಲ. ತಂಬೂರಿಯ ಜೊತೆ ರಾಗ ನುಡಿಸುವಾಗ ಇದೇ ಕಾಟ. ಪಂಚಮದ ಪಕ್ಕದಲ್ಲೇ ಧೈವತದ ತಂತಿ ಬಿಡಿಯಾಗಿ ಮೊಳಗುತ್ತಿರುತ್ತದೆ. ಪ್ರತಿ ಸ್ವರಕ್ಕೂ ಅಂಗೈಯಿಂದ ಅದನ್ನು ಅಡಗಿಸುತ್ತಾ ಹೋಗಬೇಕು. ನೀವು ಬಯಸುವ ಮೂರರಲ್ಲಿ ಎರಡು ಏಕಸ್ವರದ ನಡಿಗೆಯವು. ಆದ್ದರಿಂದ ಷಡ್ಜ–ಪಂಚಮದ ಶ್ರುತಿಯಿಂದ ಆರಂಭಿಸಿ ಎನ್ನುವುದು ನನ್ನ ಸ್ಪಷ್ಟ ಸಲಹೆ. ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯರಾದ ಬ್ರಿಜ್ ಭೂಷಣ್ ಕಾಬ್ರಾ ಗಿಟಾರಿನಲ್ಲಿ ರಾಗ ನುಡಿಸಿ ತೋರಿಸಿದಾಗ ಹೆಚ್ಚಿನ ಕೆಲಸವೆಲ್ಲ ಒಂದೆರಡು ತಂತಿಗಳ ಮೇಲೆಯೇ ನಡೆಯುತ್ತಿತ್ತು. ನಮ್ಮ ಗೋಟುವಾದ್ಯದವರೂ ಮೆಟ್ಟಿಲಿಲ್ಲದ ದಂಡಿಯ ಮೇಲೆ ಷಡ್ಜ–ಪಂಚಮಗಳನ್ನೇ ನೆಚ್ಚುತ್ತಾರೆ. ಅಲ್ಲಿ ನುಡಿಸುವ ಮುಖ್ಯ ತಂತಿಗಳಲ್ಲಿ ಗಾಂಧಾರ ಇಲ್ಲ.

ಕಾಳಿ ಒಂದು ಎಂದರೆ ಸಿ ಶಾರ್ಪ್. ಮೊದಲ ತಂತಿಯಿಂದ ಕೆಳಕ್ಕೆ ಹೀಗೆ ಇಡಿ: ಷಡ್ಜ (277 ಹರ್ಟ್ಸ್), ಪಂಚಮ, ಗಾಂಧಾರ, ಕೆಳಗಿನ ಷಡ್ಜ, ಕೆಳಗಿನ ಪಂಚಮ, ಆರನೆಯದು ನಾಲ್ಕನೆಯದರ ಜೋಡಿ, ಅದೇ ಷಡ್ಜ. ಮೊದಲ ತಂತಿಯ ಷಡ್ಜ ನೀವು ಹಾಡುವಾಗಿನ ತಾರ ಷಡ್ಜಕ್ಕೆ ಸಮ. ವಾದ್ಯದಲ್ಲಿ ಅದನ್ನೇ ಮಧ್ಯ ಷಡ್ಜವೆಂದು ಹಿಡಿದು ನುಡಿಸಿದರೂ ಅಡ್ಡಿಯಿಲ್ಲ.

ಆರನೆಯ ತಂತಿಯನ್ನು ಇನ್ನೂ ಒಂದು ಸ್ಥಾಯಿ ಕೆಳಗಿನ ಷಡ್ಜಕ್ಕೆ ಏಕೆ ಇಳಿಸಬಾರದು? ಇಳಿಸಬಹುದು, 64 ಅಥವಾ 68 ಗೇಜಿನ ತಂತಿ ಬೇಕಾಗುತ್ತದೆ. ಅದಕ್ಕೆ ನಟ್ ಕೊರೆಯಬೇಕು, ಬಿರಡೆಯ ತೂತು ಸಾಲದೆ ಹೋಗಬಹುದು, ಇಷ್ಟು ಗಿಡ್ಡ ವಾದ್ಯದಲ್ಲಿ ಅದರ ನಾದ ಮಂಕು. ತಂದೆಯವರ ವಾದ್ಯಕ್ಕೆ ಅಷ್ಟು ಕೊರೆತ ಬೇಡ.

ಗೇಜ್ ಎಂಬುದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. 17 ಎಂದರೆ 0.017 ಇಂಚು. ನಿಮ್ಮ ಉದ್ದಕ್ಕೆ, ಮೇಲಿನ ಸ್ವರಗಳಿಗೆ, ನಾನು ಹಾಕುವುದು: 17, 22, 26, 36, 46, 36. ಮೊದಲ ಎರಡು ಸುತ್ತಿಲ್ಲದವು. ಹಾಗಿರುವುದು ಮುಖ್ಯ, ಏಕೆಂದರೆ ಮೀಂಡಿನ ಕೆಲಸವೆಲ್ಲ ಅವುಗಳ ಮೇಲೆ. ಸುತ್ತಿದ ತಂತಿಯ ಮೇಲೆ ಬಾರ್ ಜಾರುವಾಗ ಬರುವ ಕರಕರ ಸದ್ದು ಅವುಗಳಲ್ಲಿ ಇರುವುದಿಲ್ಲ. ಬಿಗಿತ ಸುಮಾರು 12, 11, 9, 11, 10, 11 ಕಿಲೋ ಬರುತ್ತದೆ. ಒಟ್ಟು 64ರ ಆಸುಪಾಸು. ನೀವು ಈಗ ಹಾಕಿರುವ ಸೆಟ್ ಇದಕ್ಕಿಂತ ಹೆಚ್ಚು ಎಳೆಯುತ್ತಿದೆ. ಹಾಗಾಗಿ ವಾದ್ಯದ ಆರೋಗ್ಯದ ಚಿಂತೆ ಬೇಡ.

ಈ ಗೇಜುಗಳನ್ನು ಆರಿಸಲು ಇನ್ನೊಂದು ಲೌಕಿಕ ಕಾರಣವೂ ಇದೆ. ಯಾವ ಊರಿನಲ್ಲೂ ಸಿಗುವ 10–46ರ ಸಾಧಾರಣ ಎಲೆಕ್ಟ್ರಿಕ್ ಸೆಟ್ಟಿನಲ್ಲಿ 10, 13, 17, 26, 36, 46 ಇರುತ್ತವೆ. ಎರಡು ಸೆಟ್ ಕೊಂಡರೆ 22 ಒಂದನ್ನು ಬಿಟ್ಟು ಎಲ್ಲವೂ ಬಂದಂತೆ. 22ರ ಸುತ್ತಿಲ್ಲದ ತಂತಿ ಬಿಡಿಯಾಗಿ ಕೇಳಿ. ಸಿಗದಿದ್ದರೆ 20 ಹಾಕಿ, 9 ಕಿಲೋ ಬರುತ್ತದೆ, ಸಹಿಸಬಹುದು. ಉಳಿಯುವ 10 ಮತ್ತು 13 ಯಾರಾದರೂ ಗಿಟಾರ್ ಕಲಿಯುವ ಹುಡುಗರಿಗೆ ಕೊಡಿ. ‘ಲ್ಯಾಪ್ ಸ್ಟೀಲ್’ ಎಂದು ಹೆಸರು ಬರೆದ ದುಬಾರಿ ಸೆಟ್ ತರಿಸುವವರು ಅದು ಯಾವ ಟ್ಯೂನಿಂಗ್‌ಗೆ, ಯಾವ ಉದ್ದಕ್ಕೆ ಎಂದು ಪೊಟ್ಟಣದ ಹಿಂಬದಿ ಓದಬೇಕು. ಇ ಮೇಜರ್‌ಗೆ ಮಾಡಿದ ಸೆಟ್ಟನ್ನು ಸಿ6ಗೆ ಹಾಕಿ ಬೈಯುವವರು ಬಹಳ.

ಮೂರನೆಯ ತಂತಿ ರಾಗದ ಜೊತೆ ಬದಲಾಗಲಿ. ಅಂತರ ಗಾಂಧಾರ ಇರುವ ಯಮನ್, ಭೂಪಗಳಿಗೆ ಅದು ಇದ್ದಂತೆ ಇರಲಿ. ಭೀಮಪಲಾಸಿಗೆ ಕೋಮಲ ಗಾಂಧಾರಕ್ಕೆ ಇಳಿಸಿ. 8 ಕಿಲೋ ಉಳಿಯುತ್ತದೆ, ಬರೀ ಅನುರಣನಕ್ಕೆ ಸಾಕು. ಮಾಲಕಂಸದಲ್ಲಿ ಪಂಚಮವೇ ಇಲ್ಲ. ಅಲ್ಲಿ ಎರಡು ಮತ್ತು ಐದನೆಯ ತಂತಿಗಳನ್ನು ಮಧ್ಯಮಕ್ಕೆ ಇಳಿಸಿ, ಮೂರನೆಯದನ್ನು ಮಧ್ಯಮಕ್ಕೆ ಏರಿಸಿ. ಇದಾವುದಕ್ಕೂ ತಂತಿ ಬದಲಿಸಬೇಕಿಲ್ಲ.

ಗಾಂಧಾರವನ್ನು ಟ್ಯೂನರ್ ನೋಡಿ ಕೂಡಿಸಬೇಡಿ. ಟ್ಯೂನರಿನ ಮುಳ್ಳು ತೋರಿಸುವುದು ಹಾರ್ಮೋನಿಯಂ ಗಾಂಧಾರವನ್ನು. ತಂಬೂರಿಯೊಳಗಿಂದ ಕೇಳಿಬರುವ ಗಾಂಧಾರ ಅದಕ್ಕಿಂತ 14 ಸೆಂಟ್ ಕೆಳಗಿದೆ. ಸೆಂಟ್ ಎಂದರೆ ಅರ್ಧ ಸ್ವರದ ನೂರನೆಯ ಒಂದು ಭಾಗ. ಷಡ್ಜವನ್ನಷ್ಟೇ ಟ್ಯೂನರಿನಿಂದ ಪಡೆದು ಉಳಿದದ್ದನ್ನು ಕಿವಿಗೆ ಬಿಡಿ. ಬಾರ್ ನೇರವಾಗಿ ಸರಿದಲ್ಲೆಲ್ಲ ಆ ಶುದ್ಧ ಅಂತರ ಹಾಗೆಯೇ ಬರುತ್ತದೆ. ಇದು ಫ್ರೆಟ್ ಒತ್ತುವ ಗಿಟಾರಿಗಿಲ್ಲದ ಭಾಗ್ಯ.

ಮುಂದೆ ಚಿತ್ರಗೀತೆಗೆ ಸ್ವರಮೇಳ ಬೇಕೆನಿಸಿ ಸಿ6ಗೆ ಹೋದರೆ ಗೇಜುಗಳೂ ಬದಲಾಗಬೇಕು. ನಿಮ್ಮ ಉದ್ದಕ್ಕೆ ಇ, ಸಿ, ಎ, ಜಿ, ಇ, ಸಿ ಸ್ವರಗಳಿಗೆ 14, 18, 22, 26, 30, 38 ಸರಿಹೋಗುತ್ತವೆ. ಮೇಲಿನ ಸೆಟ್ಟನ್ನೇ ತಿರುಗಿಸಿ ಸಿ6 ಮಾಡಲು ಹೋಗಬೇಡಿ. 17ರ ತಂತಿ ಇ ಸ್ವರಕ್ಕೆ ಏರಿದರೆ ತುಂಡಾಗುವುದಿಲ್ಲ, ಆದರೆ ಬಿಗಿತ 16 ಕಿಲೋ ದಾಟಿ ಸಮತೋಲವೆಲ್ಲ ಕೆಡುತ್ತದೆ.

ಇದನ್ನು ಓದಿ ಮರದ ಟೊಳ್ಳು ಗಿಟಾರಿಗೆ ನಟ್ ಎತ್ತರಿಸಿ ಹವಾಯಿಯನ್ ಮಾಡಿಕೊಂಡವರು ಇದೇ ಗೇಜ್ ಹಾಕಬಾರದು. ಅವರ ವಾದ್ಯದ ಉದ್ದ 65 ಸೆಂ.ಮೀ., ಅಂದರೆ ಇಲ್ಲಿ ಹೇಳಿದ ಪ್ರತಿ ತಂತಿಯೂ ಸುಮಾರು ಶೇ. 30ರಷ್ಟು ಹೆಚ್ಚು ಎಳೆಯುತ್ತದೆ. ಮೇಲ್ಹಲಗೆ ಉಬ್ಬಿ ಕುದುರೆ ಕಿತ್ತುಕೊಂಡು ಬಂದ ಗಿಟಾರುಗಳು ನನ್ನ ಮೇಜಿನ ಮೇಲೆ ಆಗಾಗ ಬಂದು ಕೂರುತ್ತವೆ. ಹೆಚ್ಚಿನವು ಇ ಮೇಜರ್‌ಗೆ ಎಳೆದವು. ಅದೇ ವಿನ್ಯಾಸವನ್ನು ಡಿಗೆ ಇಳಿಸಿದರೆ ಬಿಗಿತ ಶೇ. 20ರಷ್ಟು ಇಳಿಯುತ್ತದೆ, ಸ್ವರಗಳ ನಡುವಿನ ಸಂಬಂಧ ಏನೂ ಬದಲಾಗುವುದಿಲ್ಲ. ಟೊಳ್ಳು ಗಿಟಾರಿಗೆ 12ರ ಸೆಟ್, ಡಿ ಅಥವಾ ಅದಕ್ಕಿಂತ ಕೆಳಗೆ, ಇಷ್ಟೇ.

ಕೊನೆಗೆ ಪಿಕಪ್. ನಿಕ್ಕಲ್ ತಂತಿ ಹಾಕಿ ಕೇಳುವ ಮೊದಲು ಅದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಮೊದಲ ತಂತಿ ಜೋರಾಗಿ ಕೇಳಿಸುತ್ತಿದೆ ಎಂದಮೇಲೆ ಕಾಯಿಲ್ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಹೊಸ ತಂತಿಯ ಮೇಲೂ ಸದ್ದು ಏರುಪೇರಾದರೆ ಪಿಕಪ್‌ನ ಎತ್ತರದ ತಿರುಪುಗಳನ್ನು ಸರಿಪಡಿಸಿ, ಸದ್ದು ಕಡಿಮೆ ಇರುವ ಬದಿಯನ್ನು ತಂತಿಗೆ ಹತ್ತಿರ ತನ್ನಿ. ಅನುಮಾನ ಉಳಿದರೆ ರೇಡಿಯೊ ರಿಪೇರಿಯವರ ಬಳಿ ಮಲ್ಟಿಮೀಟರ್ ಹಿಡಿಸಿ. ಕೆಲವು ಕಿಲೋಓಮ್ ತೋರಿಸಿದರೆ ಸುತ್ತು ಅಖಂಡವಾಗಿದೆ. ಮುಳ್ಳು ಅಲ್ಲಾಡದಿದ್ದರೆ ಮೊದಲು ವೈರಿನ ಬೆಸುಗೆ ನೋಡಿಸಿ, ಬೆಸುಗೆಯೂ ಗಟ್ಟಿಯಾಗಿದ್ದರೆ ಅದೇ ಕಾಯಿಲನ್ನು ಮತ್ತೆ ಸುತ್ತಿಸಿ. ಹೊಸ ಪಿಕಪ್ ಕೂರಿಸಲು ಮರ ಕೊರೆಯಲು ಮಾತ್ರ ಯಾರಿಗೂ ಬಿಡಬೇಡಿ.